ಸ್ಥಳೀಯ ಸಂಸ್ಥೆಗಳ ವಕೀಲರು ಮತ್ತು ನಮ್ಮ ಕನ್ನಡ ಶಾಲೆಗಳು: ಪೋಷಕರು ತಿಳಿದಿರಬೇಕಾದ ಸಂಗತಿಗಳು

ಹಿಂದೂಪುರ, ಮಡಕಶಿರ ಕಡೆಯಿಂದ ಬರುವ ಪೋಷಕರೂ ಕಲ್ಯಾಣದುರ್ಗ, ಕುಂದುರ್ಪಿ, ರಾಯದುರ್ಗದ ಕಡೆಯಿಂದ ಬರುವ ಪೋಷಕರೂ ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. “ಮೇಷ್ಟ್ರೇ, ಮುನಿಸಿಪಾಲಿಟಿಗೂ ಮಂಡಲ ಪರಿಷತ್ತಿಗೂ ಅವರದೇ ವಕೀಲರಿದ್ದಾರಂತಲ್ಲ. ನಮ್ಮ ಕನ್ನಡ ಶಾಲೆಯ ಕಷ್ಟವನ್ನು ಅವರ ಹತ್ತಿರವೇ ಹೇಳಿಕೊಂಡರೆ ಆಗದೇ?” ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಅಷ್ಟು ಸರಳವಲ್ಲ. ಆ ವಕೀಲರು ನಮ್ಮ ವಕೀಲರಲ್ಲ, ಸಂಸ್ಥೆಯ ವಕೀಲರು. ಹಾಗೆಂದು ಅವರು ನಮ್ಮ ವಿರೋಧಿಗಳೂ ಅಲ್ಲ. ಅವರ ಮುಂದೆ ಬರುವುದು ನಮ್ಮ ದುಃಖವಲ್ಲ, ಕಡತ. ಕಡತದಲ್ಲಿ ಏನು ಸೇರಿರುತ್ತದೆಯೋ ಅದರ ಮೇಲೆ ಅವರು ಸಲಹೆ ಕೊಡುತ್ತಾರೆ. ಆದುದರಿಂದ ಕನ್ನಡ ಮಾಧ್ಯಮದ ಕುಟುಂಬಗಳು ಮೊದಲು ಕಲಿಯಬೇಕಾದುದು ಆ ಕಡತಕ್ಕೆ ಸರಿಯಾದ ಕಾಗದ ಸೇರುವಂತೆ ನೋಡಿಕೊಳ್ಳುವುದನ್ನು. ಈ ಲೇಖನದಲ್ಲಿ ಯಾವ ವಕೀಲರು ಎಲ್ಲಿರುತ್ತಾರೆ, ಅವರು ಏನು ಮಾಡಬಲ್ಲರು, ನಾವು ಏನು ಮಾಡಬೇಕು ಎಂಬುದನ್ನು ಕ್ರಮವಾಗಿ ವಿವರಿಸಿದ್ದೇವೆ. ಓದಿ, ಶಾಲಾ ಸಮಿತಿಯ ಸಭೆಯಲ್ಲಿ ಇತರರಿಗೂ ಓದಿ ಹೇಳಬೇಕೆಂದು ಕೋರುತ್ತೇವೆ.

ಸಂವಿಧಾನವು ಸ್ಥಳೀಯ ಸಂಸ್ಥೆಯನ್ನು ಹೆಸರಿಸಿದೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಮಡಕಶಿರ, ಹಿಂದೂಪುರ, ಕಲ್ಯಾಣದುರ್ಗಗಳು ಮೊದಲಿನಿಂದಲೂ ಅನಂತಪುರ ಜಿಲ್ಲೆಯವು. ಹೀಗೆ ಗಡಿಯ ಈಚೆಗೆ ಉಳಿದ ಕನ್ನಡಿಗರಂಥವರನ್ನು ಗಮನದಲ್ಲಿರಿಸಿಕೊಂಡೇ 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಲಾಯಿತು.

350ಎ ವಿಧಿಯ ಸಾರ ಇಷ್ಟು: ಭಾಷಾ ಅಲ್ಪಸಂಖ್ಯಾತ ಗುಂಪಿನ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವೂ ಪ್ರಯತ್ನಿಸಬೇಕು. ಇಲ್ಲಿ ‘ಸ್ಥಳೀಯ ಪ್ರಾಧಿಕಾರ’ ಎಂಬ ಪದವನ್ನು ಗಮನಿಸಬೇಕು. ಕನ್ನಡ ಶಾಲೆಯ ಹೊಣೆಯನ್ನು ಸಂವಿಧಾನ ಅಮರಾವತಿಯ ಸಚಿವಾಲಯಕ್ಕೆ ಮಾತ್ರ ಕೊಟ್ಟಿಲ್ಲ. ಹಿಂದೂಪುರದ ಪುರಸಭೆಗೆ, ಕಲ್ಯಾಣದುರ್ಗದ ಪುರಸಭೆಗೆ, ಮಂಡಲ ಪ್ರಜಾ ಪರಿಷತ್ತಿಗೆ, ಜಿಲ್ಲಾ ಪರಿಷತ್ತಿಗೆ ಕೂಡ ಕೊಟ್ಟಿದೆ. “ಇದು ಮೇಲಿನವರ ವಿಷಯ, ನಮ್ಮ ಕೈಯಲ್ಲಿ ಇಲ್ಲ” ಎಂದು ಸ್ಥಳೀಯ ಕಚೇರಿ ಹೇಳಿದಾಗ ಈ ಒಂದು ಪದವನ್ನು ನೆನಪಿಸುವ ಹಕ್ಕು ನಮಗಿದೆ.

ಆದರೆ ಅದೇ ವಿಧಿಯಲ್ಲಿ ‘ಪ್ರಯತ್ನಿಸಬೇಕು’ ಎಂಬ ಇನ್ನೊಂದು ಮಾತೂ ಇದೆ. ಸಂಸ್ಥೆಯ ವಕೀಲರು ಹಿಡಿಯುವುದು ಆ ಮಾತನ್ನೇ. “ಪ್ರಯತ್ನ ಮಾಡಿದ್ದೇವೆ, ಬೇಡಿಕೆ ಇರಲಿಲ್ಲ” ಎಂದರೆ ಅವರ ವಾದ ನಿಂತುಬಿಡುತ್ತದೆ. ಬೇಡಿಕೆ ಇತ್ತು, ಇಂಥ ದಿನ ಲಿಖಿತವಾಗಿ ಸಲ್ಲಿಕೆಯಾಗಿತ್ತು ಎಂದು ತೋರಿಸಿದರೆ ಮಾತ್ರ ಅದು ನಿಲ್ಲುವುದಿಲ್ಲ.

ಮೊದಲು ಶಾಲೆ ಯಾರದೆಂದು ತಿಳಿಯಿರಿ

ಶಾಲೆಯ ನಾಮಫಲಕವನ್ನು ಒಮ್ಮೆ ಗಮನವಿಟ್ಟು ನೋಡಿರಿ. ಎಂ.ಪಿ.ಪಿ. ಎಂದಿದ್ದರೆ ಅದು ಮಂಡಲ ಪ್ರಜಾ ಪರಿಷತ್ತಿನ ಪ್ರಾಥಮಿಕ ಶಾಲೆ. ಜಡ್.ಪಿ. ಎಂದಿದ್ದರೆ ಜಿಲ್ಲಾ ಪರಿಷತ್ತಿನ ಪ್ರೌಢಶಾಲೆ. ಮುನಿಸಿಪಲ್ ಎಂದಿದ್ದರೆ ಪುರಸಭೆಯದು. ಸರ್ಕಾರಿ ಎಂದಷ್ಟೇ ಇದ್ದರೆ ನೇರವಾಗಿ ಶಿಕ್ಷಣ ಇಲಾಖೆಯದು. ಅರ್ಜಿಯನ್ನು ಯಾರ ಹೆಸರಿಗೆ ಬರೆಯಬೇಕು, ನೋಟಿಸು ಯಾರಿಗೆ ಹೋಗಬೇಕು, ಯಾವ ವಕೀಲರು ಉತ್ತರಿಸುತ್ತಾರೆ ಎಂಬುದೆಲ್ಲ ಈ ಫಲಕದಿಂದಲೇ ನಿರ್ಧಾರವಾಗುತ್ತದೆ.

ಜಿಲ್ಲೆಯ ವಿಂಗಡಣೆಯಿಂದ ಉಂಟಾದ ಗೊಂದಲವೂ ಇದೆ. 2022ರ ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆ ಆರಂಭವಾಗಿ ಪುಟ್ಟಪರ್ತಿ ಅದರ ಕೇಂದ್ರವಾಯಿತು. ಹಿಂದೂಪುರ, ಮಡಕಶಿರಗಳು ಆ ಜಿಲ್ಲೆಗೆ ಹೋದವು; ಕಲ್ಯಾಣದುರ್ಗ, ರಾಯದುರ್ಗಗಳು ಅನಂತಪುರದಲ್ಲಿಯೇ ಉಳಿದವು. ಕಲೆಕ್ಟರ್, ಡಿ.ಇ.ಓ. ಕಚೇರಿಗಳು ಬೇರೆಯಾದವು. ಆದರೆ ಆಗ ಜಿಲ್ಲೆ ಒಡೆದಂತೆ ಜಿಲ್ಲಾ ಪರಿಷತ್ತು ಒಡೆಯಲಿಲ್ಲ. ಹೀಗಾಗಿ ಹಿಂದೂಪುರ ಕಡೆಯ ಪೋಷಕರು ಕಲೆಕ್ಟರರನ್ನು ಕಾಣಲು ಪುಟ್ಟಪರ್ತಿಗೂ ಜಿಲ್ಲಾ ಪರಿಷತ್ತಿನ ಕೆಲಸಕ್ಕೆ ಅನಂತಪುರಕ್ಕೂ ತಿರುಗುವಂತಾಯಿತು. ತಪ್ಪು ವಿಳಾಸಕ್ಕೆ ಹೋದ ಅರ್ಜಿ ತಿಂಗಳುಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಅಷ್ಟರಲ್ಲಿ ಶಾಲಾ ವರ್ಷವೇ ಮುಗಿದಿರುತ್ತದೆ.

ಯಾವ ವಕೀಲರು ಎಲ್ಲಿರುತ್ತಾರೆ

ಜನ ‘ಸರ್ಕಾರಿ ಲಾಯರು’ ಎಂದು ಒಟ್ಟಾಗಿ ಕರೆಯುವವರಲ್ಲಿ ಹಲವು ಬಗೆಯವರಿದ್ದಾರೆ.

ಒಂದನೆಯವರು ಪಬ್ಲಿಕ್ ಪ್ರಾಸಿಕ್ಯೂಟರ್. ಇವರು ಕ್ರಿಮಿನಲ್ ಪ್ರಕರಣಗಳಲ್ಲಿ ರಾಜ್ಯದ ಪರ ವಾದಿಸುವವರು. ಶಾಲೆಯ ಮಾಧ್ಯಮದ ವಿಷಯಕ್ಕೂ ಇವರಿಗೂ ಸಂಬಂಧವಿಲ್ಲ.

ಎರಡನೆಯವರು ಗವರ್ನಮೆಂಟ್ ಪ್ಲೀಡರ್, ಬಾಯಿಮಾತಿನಲ್ಲಿ ಜಿ.ಪಿ. ಸರ್ಕಾರದ ಮೇಲೆ ಅಥವಾ ಸರ್ಕಾರದ ಪರವಾಗಿ ನಡೆಯುವ ಸಿವಿಲ್ ದಾವೆಗಳನ್ನು ನೋಡಿಕೊಳ್ಳುವವರು ಇವರು. ತಹಶೀಲ್ದಾರ್, ಆರ್.ಡಿ.ಓ., ಕಲೆಕ್ಟರ್, ಡಿ.ಇ.ಓ. ಪ್ರತಿವಾದಿಗಳಾದ ಕಡೆ ಇವರು ನಿಲ್ಲುತ್ತಾರೆ.

ಮೂರನೆಯವರು ಸ್ಥಳೀಯ ಸಂಸ್ಥೆಯ ಸ್ಟ್ಯಾಂಡಿಂಗ್ ಕೌನ್ಸೆಲ್, ಅಂದರೆ ಸ್ಥಾಯಿ ವಕೀಲರು. ಪುರಸಭೆ, ಜಿಲ್ಲಾ ಪರಿಷತ್ತು, ಮಂಡಲ ಪರಿಷತ್ತುಗಳು ಕಾನೂನಿನ ದೃಷ್ಟಿಯಲ್ಲಿ ಸರ್ಕಾರದಿಂದ ಬೇರೆಯಾದ ವ್ಯಕ್ತಿತ್ವವುಳ್ಳ ಸಂಸ್ಥೆಗಳು. ತಮ್ಮ ಹೆಸರಿನಲ್ಲಿಯೇ ದಾವೆ ಹೂಡಬಲ್ಲವು, ಅವುಗಳ ಮೇಲೆಯೂ ದಾವೆ ಹೂಡಬಹುದು. ಆದ್ದರಿಂದ ಅವುಗಳಿಗೆ ಪ್ರತ್ಯೇಕ ವಕೀಲರು ಬೇಕಾಗುತ್ತಾರೆ. ಈ ವಕೀಲರು ದಿನವಿಡೀ ಕಚೇರಿಯಲ್ಲಿ ಕುಳಿತಿರುವ ನೌಕರರಲ್ಲ. ನ್ಯಾಯಾಲಯದಲ್ಲಿ ವೃತ್ತಿ ನಡೆಸುತ್ತಲೇ ಸಂಸ್ಥೆಯ ಪ್ರಕರಣಗಳನ್ನೂ ನೋಡಿಕೊಳ್ಳುವವರು. ಅವರ ಮೇಜಿನ ಮೇಲಿರುವ ಬಹುಪಾಲು ಕಡತಗಳು ಒತ್ತುವರಿ, ಮನೆ ಕಂದಾಯ, ಗುತ್ತಿಗೆದಾರರ ಬಿಲ್ಲು, ನೌಕರರ ಸೇವಾ ವಿಷಯ ಇಂಥವು. ಶಾಲೆಯ ಮಾಧ್ಯಮದ ಕಡತ ಅಪರೂಪಕ್ಕೆ ಬರುತ್ತದೆ. ಆದ್ದರಿಂದ 350ಎ ವಿಧಿ ಅವರಿಗೆ ನೆನಪಿರಲೇಬೇಕೆಂದು ನಾವು ಎಣಿಸಬಾರದು. ಅರ್ಜಿಯಲ್ಲಿ ನಾವೇ ಬರೆಯಬೇಕು.

ನಾಲ್ಕನೆಯವರು ಹೈಕೋರ್ಟಿನಲ್ಲಿರುವವರು. 2019ರ ಜನವರಿ 1ರಿಂದ ಆಂಧ್ರಪ್ರದೇಶದ ಹೈಕೋರ್ಟು ಅಮರಾವತಿಯಲ್ಲಿದೆ. ಅಲ್ಲಿ ಸಂವಿಧಾನದ 165ನೇ ವಿಧಿಯಂತೆ ನೇಮಕವಾಗುವ ಅಡ್ವೊಕೇಟ್ ಜನರಲ್, ಅವರ ಜೊತೆಗೆ ಶಾಲಾ ಶಿಕ್ಷಣ, ಪಂಚಾಯತ್ ರಾಜ್, ಪೌರಾಡಳಿತ ಹೀಗೆ ಇಲಾಖೆಗೊಬ್ಬರಂತೆ ಸರ್ಕಾರಿ ವಕೀಲರಿರುತ್ತಾರೆ. 226ನೇ ವಿಧಿಯಡಿ ರಿಟ್ ಅರ್ಜಿ ಹಾಕಿದರೆ ನಮಗೆ ಎದುರು ನಿಲ್ಲುವವರು ಇವರೇ.

ಗ್ರಾಮ ಸಚಿವಾಲಯದಲ್ಲಿ ವಕೀಲರಿಲ್ಲ. ಅಲ್ಲಿನ ಸಿಬ್ಬಂದಿ ನಮ್ಮ ಅರ್ಜಿಯನ್ನು ಸ್ವೀಕರಿಸಬಲ್ಲರು, ಕಾನೂನಿನ ಅಭಿಪ್ರಾಯ ಕೊಡಲಾರರು.

ಅವರು ಮಾಡುವ ಕೆಲಸ, ಮಾಡಲಾಗದ ಕೆಲಸ

ಸಂಸ್ಥೆಯ ವಕೀಲರು ಮುಖ್ಯವಾಗಿ ನಾಲ್ಕು ಕೆಲಸ ಮಾಡುತ್ತಾರೆ. ಅಧಿಕಾರಿ ಕೇಳಿದಾಗ ಕಾನೂನಿನ ಅಭಿಪ್ರಾಯ ಬರೆದುಕೊಡುತ್ತಾರೆ. ಬಂದ ನೋಟಿಸುಗಳಿಗೆ ಉತ್ತರ ಸಿದ್ಧಪಡಿಸುತ್ತಾರೆ. ನ್ಯಾಯಾಲಯದಲ್ಲಿ ಪ್ರತಿವಾದ ಮಂಡಿಸುತ್ತಾರೆ. ಸಂಸ್ಥೆಯ ಆಸ್ತಿಯನ್ನು ಕಾಪಾಡಲು ದಾವೆ ಹೂಡುತ್ತಾರೆ.

ಈ ನಾಲ್ಕನೆಯದರಲ್ಲಿ ಅವರು ನಮ್ಮ ಶಾಲೆಯ ಪರವಾಗಿಯೇ ನಿಲ್ಲುತ್ತಾರೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಶಾಲೆಯ ಆಟದ ಬಯಲನ್ನು ಯಾರಾದರೂ ಒತ್ತಿಕೊಂಡರೆ ದಾವೆ ನಡೆಸಬೇಕಾದವರು ಆ ಜಾಗದ ಒಡೆತನವಿರುವ ಸಂಸ್ಥೆಯೂ ಅದರ ವಕೀಲರೂ. ಗಡಿಯ ಹಳ್ಳಿಗಳಲ್ಲಿ ಹಿಂದೆ ಹಿರಿಯರು ಶಾಲೆಗೆಂದು ಜಾಗ ಬಿಟ್ಟುಕೊಟ್ಟಾಗ ಬರೆದ ದಾನಪತ್ರಗಳು ಕನ್ನಡದಲ್ಲಿಯೇ ಇರುವುದುಂಟು. ಅವು ಯಾರದೋ ಮನೆಯ ಟ್ರಂಕಿನಲ್ಲಿ ಉಳಿದುಬಿಟ್ಟರೆ ವಕೀಲರ ಕೈ ಖಾಲಿ. ಅಂಥ ಪತ್ರವಿದ್ದರೆ ಅದರ ನಕಲನ್ನೂ ತೆಲುಗು ಅಥವಾ ಇಂಗ್ಲಿಷ್ ಅನುವಾದವನ್ನೂ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಸಂಸ್ಥೆಗೆ ಇಂದೇ ತಲುಪಿಸಿರಿ. ಮೂಲವನ್ನು ಮಾತ್ರ ಕೈಬಿಡಬೇಡಿರಿ.

ಇನ್ನು ಅವರು ಮಾಡಲಾಗದ ಕೆಲಸ. ಅವರು ನಮಗೆ ಸಲಹೆ ಕೊಡಲಾರರು. ಅವರ ಕಕ್ಷಿದಾರ ಸಂಸ್ಥೆ. ಸಂಸ್ಥೆಗೆ ಕೊಟ್ಟ ಸಲಹೆಯನ್ನು ನಮಗೆ ತೋರಿಸಲಾರರು. ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತು ಗೋಪ್ಯವೆಂದು ಕಾನೂನೇ ಹೇಳುತ್ತದೆ. ಶಿಕ್ಷಕರನ್ನು ನೇಮಿಸುವುದು, ತರಗತಿ ತೆರೆಯುವುದು, ಮುಚ್ಚುವುದು ಅವರ ಅಧಿಕಾರದಲ್ಲಿಲ್ಲ. ಅದು ಅಧಿಕಾರಿಯ ಆದೇಶದ ವಿಷಯ. ಹಬ್ಬದಲ್ಲಿ ಸಿಕ್ಕಾಗ “ಸ್ವಲ್ಪ ನೋಡಿಕೊಳ್ಳಿ ಸಾರ್” ಎಂದು ಕೇಳಿಕೊಳ್ಳುವುದರಿಂದ ಅವರಿಗೆ ಮುಜುಗರವೇ ಹೊರತು ನಮಗೆ ಲಾಭವಿಲ್ಲ.

ಆದರೆ ಒಂದು ಮಾತು ನೆನಪಿರಲಿ. ಸರ್ಕಾರಿ ವಕೀಲರ ಹುದ್ದೆ ಖಾಸಗಿ ವಕಾಲತ್ತಿನಂತಲ್ಲ, ಅದರಲ್ಲಿ ಸಾರ್ವಜನಿಕ ಹೊಣೆಯ ಅಂಶವಿದೆ ಎಂದು ಸುಪ್ರೀಂ ಕೋರ್ಟು ಶ್ರೀಲೇಖಾ ವಿದ್ಯಾರ್ಥಿ ಪ್ರಕರಣದ 1990ರ ತೀರ್ಪಿನಲ್ಲಿ ಹೇಳಿದೆ. ಕಡತದಲ್ಲಿ ಕಾನೂನು ನಮ್ಮ ಕಡೆ ಸ್ಪಷ್ಟವಾಗಿದ್ದರೆ “ಈ ಕೋರಿಕೆಯನ್ನು ಒಪ್ಪುವುದೇ ಮೇಲು” ಎಂದು ಸಂಸ್ಥೆಗೆ ಹೇಳುವುದೂ ಅವರ ಕೆಲಸವೇ. ಹಾಗೆ ಹೇಳಲು ಆಧಾರ ಒದಗಿಸುವುದು ನಮ್ಮ ಕೆಲಸ.

ನಮ್ಮ ತಪ್ಪಿನಿಂದ ನಾವು ಕಲಿತದ್ದು

ಗಡಿಯ ಒಂದು ಮಂಡಲದಲ್ಲಿ ನಡೆದ ಸಂಗತಿಯಿದು. ಊರಿನ ಹೆಸರು ಬೇಡ. ಪ್ರಾಥಮಿಕ ಶಾಲೆಯ ಕನ್ನಡ ಶಿಕ್ಷಕರು ನಿವೃತ್ತರಾದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಪೋಷಕರೂ ನಾವೂ ಸೇರಿ ಒಂದು ಪುಟದ ಮನವಿ ಬರೆದೆವು. ಅದರಲ್ಲಿ ನಾಡು ನುಡಿಯ ಅಭಿಮಾನ ತುಂಬಿತ್ತು. ಎಷ್ಟು ಮಕ್ಕಳು, ಯಾವ ತರಗತಿ, ಹುದ್ದೆ ಎಂದಿನಿಂದ ಖಾಲಿ ಎಂಬುದಾವುದೂ ಇರಲಿಲ್ಲ. ಕೈಗೆ ಕೊಟ್ಟು ಬಂದೆವು, ಸ್ವೀಕೃತಿ ಕೇಳಲಿಲ್ಲ. ತಿಂಗಳುಗಳ ಬಳಿಕ ಮೇಲಿನ ಕಚೇರಿಗೆ ಹೋದ ವರದಿಯಲ್ಲಿ “ತರಗತಿವಾರು ಬೇಡಿಕೆ ಸ್ವೀಕೃತವಾಗಿಲ್ಲ” ಎಂದು ಒಂದು ಸಾಲು ಇತ್ತು. ಓದಿದಾಗ ಕೋಪ ಬಂದಿತು. ಆದರೆ ಯೋಚಿಸಿದಾಗ ಆ ಸಾಲು ಸುಳ್ಳಲ್ಲವೆಂಬುದು ನಮಗೇ ತಿಳಿಯಿತು. ನಾವು ಭಾವನೆಯನ್ನು ಸಲ್ಲಿಸಿದ್ದೆವು, ಬೇಡಿಕೆಯನ್ನಲ್ಲ.

ಮರುವರ್ಷ ಹೀಗೆ ಮಾಡಲಿಲ್ಲ. ತರಗತಿವಾರು ಮಕ್ಕಳ ಪಟ್ಟಿ, ತಾಯಂದಿರ ಸಹಿ, ಶಾಲಾ ಸಮಿತಿಯ ತೀರ್ಮಾನದ ನಕಲು, ಕನ್ನಡ ಅರ್ಜಿಯ ಜೊತೆಗೆ ತೆಲುಗು ಅನುವಾದ, ಸ್ವೀಕೃತಿಯ ಮೊಹರು ಎಲ್ಲವೂ ಇದ್ದವು. ಹುದ್ದೆ ಭರ್ತಿಯಾಯಿತೆಂದು ಹೇಳಲಾರೆವು. ಪಕ್ಕದ ಶಾಲೆಯಿಂದ ವರ್ಕ್ ಅಡ್ಜಸ್ಟ್‌ಮೆಂಟ್ ಮೇಲೆ ಒಬ್ಬ ಶಿಕ್ಷಕರು ವಾರಕ್ಕೆ ಮೂರು ದಿನ ಬಂದರು. ಅಷ್ಟರಿಂದಲೇ ಆ ವರ್ಷ ಕನ್ನಡ ತರಗತಿ ಉಳಿಯಿತು.

ಅರ್ಜಿಯಲ್ಲಿ ಏನಿರಬೇಕು

1. ತರಗತಿವಾರು ಮಕ್ಕಳ ಸಂಖ್ಯೆ. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನದಲ್ಲಿ ಒಪ್ಪಿದ ಸೂತ್ರವೊಂದುಂಟು: ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಒದಗಿಸಬೇಕು. ಭಾಷಾ ಅಲ್ಪಸಂಖ್ಯಾತರ ರಕ್ಷಣಾಕ್ರಮಗಳಲ್ಲಿ ಇಂದಿಗೂ ಇದೇ ಅಳತೆ. ಇದು ಶಾಸನಸಭೆ ಮಾಡಿದ ಕಾಯ್ದೆಯಲ್ಲ, ರಾಜ್ಯಗಳು ಒಪ್ಪಿಕೊಂಡ ವ್ಯವಸ್ಥೆ. ಸಂಸ್ಥೆಯ ವಕೀಲರು ಆ ವ್ಯತ್ಯಾಸವನ್ನು ಎತ್ತಿ ಹೇಳಬಹುದು. ಆದರೂ ಸಂಖ್ಯೆಯಿಲ್ಲದ ಅರ್ಜಿಗೆ ಬುಡವೇ ಇರುವುದಿಲ್ಲ.

2. ಮಾತೃಭಾಷೆಯ ಘೋಷಣೆ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕರ್ನಾಟಕದ ಮಾಧ್ಯಮ ನೀತಿಯ ಪ್ರಕರಣದಲ್ಲಿ ಎರಡು ಮಾತು ಹೇಳಿತು. ಮಾತೃಭಾಷೆಯನ್ನೇ ಮಾಧ್ಯಮವಾಗಿ ಸರ್ಕಾರ ಹೇರುವಂತಿಲ್ಲ ಎಂಬುದು ಒಂದು. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆತಾಯಿಗಳು ಎಂಬುದು ಇನ್ನೊಂದು. ಮೊದಲ ಮಾತು ಕನ್ನಡ ಪರ ಚಳವಳಿಗೆ ಪೆಟ್ಟು ಕೊಟ್ಟಿತು. ಎರಡನೆಯದು ಗಡಿನಾಡಿನ ನಮಗೆ ಆಸರೆ. ದಾಖಲಾತಿ ಪುಸ್ತಕದ ಮಾತೃಭಾಷೆಯ ಕಾಲಮಿನಲ್ಲಿ ಬೇರೆ ಯಾರೋ ತಮಗೆ ತೋಚಿದ್ದನ್ನು ಬರೆಯಲು ಬಿಡಬೇಡಿರಿ. ‘ಕನ್ನಡ’ ಎಂದು ಬರೆದಿದೆಯೇ ಎಂದು ಜೂನ್ ತಿಂಗಳಲ್ಲಿಯೇ ನೋಡಿರಿ.

3. ಶಾಲಾ ನಿರ್ವಹಣಾ ಸಮಿತಿಯ ತೀರ್ಮಾನ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ನಿನಂತೆ ಈ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ತೀರ್ಮಾನದ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದ ನಾಲ್ಕು ಸಾಲು ನಲವತ್ತು ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

4. ಕೋರಿಕೆ ಒಂದೇ ಇರಲಿ. “ಖಾಲಿಯಿರುವ ಕನ್ನಡ ಶಿಕ್ಷಕರ ಹುದ್ದೆಯನ್ನು ಭರ್ತಿ ಮಾಡಿರಿ” ಎಂಬುದು ಕೋರಿಕೆ. “ಕನ್ನಡವನ್ನು ಉಳಿಸಿರಿ” ಎಂಬುದು ಆಶಯ. ಆಶಯಕ್ಕೆ ಆದೇಶ ಹೊರಡಿಸಲು ಬರುವುದಿಲ್ಲ.

5. ಸ್ವೀಕೃತಿ. ಮೊಹರು, ದಿನಾಂಕ, ಸಂಖ್ಯೆ ಇರುವ ನಕಲು ಮನೆಯಲ್ಲಿರಲಿ. ಕಲೆಕ್ಟರ್ ಕಚೇರಿಯ ಸೋಮವಾರದ ಅಹವಾಲು ವೇದಿಕೆಯಲ್ಲಿ ಕೊಟ್ಟರೂ ರಸೀತಿ ಪಡೆಯಿರಿ.

ಮೂರು ತಿಂಗಳ ಗಡುವು

ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ನಮ್ಮ ಪೋಷಕರಲ್ಲಿ ಬಹುಮಂದಿಗೆ ತಿಳಿಯದು. ಮಗುವಿನ ಹಕ್ಕಿಗೆ ಸಂಬಂಧಿಸಿದ ಯಾವ ದೂರನ್ನಾದರೂ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಕೊಡಬಹುದು. ಪ್ರಾಧಿಕಾರವು ಇಬ್ಬರ ಮಾತನ್ನೂ ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಇದಕ್ಕೆ ನ್ಯಾಯಾಲಯದ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ.

ಇಲ್ಲಿ ಜಾಣತನದಿಂದ ದೂರು ಬರೆಯಬೇಕು. ಮಾಧ್ಯಮವು ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿರಬೇಕೆಂದು 29ನೇ ಸೆಕ್ಷನ್ ಹೇಳುತ್ತದೆ. ‘ಸಾಧ್ಯವಾದ ಮಟ್ಟಿಗೆ’ ಎಂಬಲ್ಲಿ ಎದುರು ವಕೀಲರಿಗೆ ವಾದಿಸಲು ಜಾಗವಿದೆ. ಆದರೆ 26ನೇ ಸೆಕ್ಷನ್ನಿನಲ್ಲಿ ಅಂಥ ಸಡಿಲವಿಲ್ಲ: ಶಾಲೆಯಲ್ಲಿ ಖಾಲಿ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇಕಡಾ 10ನ್ನು ಮೀರಬಾರದು. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಒಂದು ಹುದ್ದೆ ಖಾಲಿಯೆಂದರೆ ಅದು ಶೇಕಡಾ 50. ಭಾಷೆಯ ಹಕ್ಕಿನ ಜೊತೆಗೆ ಈ ಲೆಕ್ಕವನ್ನೂ ಬರೆದರೆ ದೂರು ಗಟ್ಟಿಯಾಗುತ್ತದೆ.

ಶಾಲೆಗಳ ವಿಲೀನದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಆದೇಶಗಳು ಬದಲಾಗುತ್ತಲೇ ಇರುತ್ತವೆ. 3, 4, 5ನೇ ತರಗತಿಗಳನ್ನು ಪ್ರೌಢಶಾಲೆಗಳಿಗೆ ಸೇರಿಸಲು ದಾರಿ ಮಾಡಿದ 2022ರ ಜೂನ್ ತಿಂಗಳ 117ನೇ ಸಂಖ್ಯೆಯ ಆದೇಶದ ಸ್ಥಾನಕ್ಕೆ 2025ರಲ್ಲಿ ಬೇರೆ ಆದೇಶಗಳು ಬಂದವು. ಕಚೇರಿಯಲ್ಲಿ ಯಾರಾದರೂ “ಜಿ.ಓ. ಇದೆ” ಎಂದರೆ, ಅದರ ಸಂಖ್ಯೆ ಯಾವುದು, ದಿನಾಂಕ ಯಾವುದು, ಈಗಲೂ ಜಾರಿಯಲ್ಲಿದೆಯೇ ಎಂದು ವಿನಯದಿಂದ ಕೇಳಿರಿ.

ಯಾವ ಭಾಷೆಯಲ್ಲಿ ಬರೆಯಬೇಕು

350ನೇ ವಿಧಿಯಂತೆ ಕುಂದುಕೊರತೆಯ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಕೊಡಬಹುದು. ಕನ್ನಡದಲ್ಲಿ ಬರೆದಿದೆ ಎಂಬ ಕಾರಣಕ್ಕೆ ಅರ್ಜಿಯನ್ನು ಹಿಂದಿರುಗಿಸುವುದು ಸರಿಯಲ್ಲ. ಆದರೆ ಮಾಹಿತಿ ಹಕ್ಕಿನ ಅರ್ಜಿಗೆ ಬೇರೆ ನಿಯಮ: 2005ರ ಆ ಕಾಯ್ದೆಯಂತೆ ಅದನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬೇಕು, ನಮ್ಮಲ್ಲಿ ತೆಲುಗು. ನಮ್ಮ ಸಲಹೆ ಇಷ್ಟೇ: ಅಹವಾಲನ್ನು ಕನ್ನಡದಲ್ಲಿ ಬರೆಯಿರಿ, ಅದು ನಮ್ಮ ಇರವಿನ ಗುರುತು, ಜೊತೆಗೆ ತೆಲುಗು ಅನುವಾದವನ್ನೂ ಇಡಿರಿ, ಅದು ಓದುವವರಿಗೆ ನೆರವು. ಅನುವಾದವಿಲ್ಲದ ಅರ್ಜಿಯನ್ನು ಗುಮಾಸ್ತರು ಬದಿಗಿಟ್ಟರೆ ವಕೀಲರ ಮೇಜಿಗೆ ಅದು ತಲುಪುವುದೇ ಇಲ್ಲ.

ಕೇರಳದಲ್ಲಿ 1969ರ ಆಡಳಿತ ಭಾಷಾ ಕಾಯ್ದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿಯೇ ಸರ್ಕಾರದೊಡನೆ ಪತ್ರವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಕಾಸರಗೋಡಿನ ಕನ್ನಡಿಗರು ತಮ್ಮ ಹೋರಾಟದಲ್ಲಿ ಈ ಕಾಯ್ದೆಯನ್ನು ಆಧಾರವಾಗಿ ಹಿಡಿಯಬಲ್ಲರು. ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡಿಗರಿಗೂ ಅಂಥ ಸ್ಪಷ್ಟ ಹಕ್ಕು ಬೇಕೆಂದು ಕೇಳುವುದು ನ್ಯಾಯವೇ. ಜಿಲ್ಲೆ, ಪುರಸಭೆ ಅಥವಾ ತಾಲ್ಲೂಕಿನ ಜನರಲ್ಲಿ ಶೇಕಡಾ 15ರಿಂದ 20ರಷ್ಟು ಒಂದು ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವುದು ಒಳ್ಳೆಯದೆಂದು 1956ರ ಕೇಂದ್ರದ ಜ್ಞಾಪನಪತ್ರ ಹೇಳಿದೆ. ಅಲ್ಲಿ ಪುರಸಭೆಯ ಹೆಸರು ಬಂದಿರುವುದನ್ನು ಗಮನಿಸಿರಿ.

ನಮ್ಮ ಕಡೆಗೂ ವಕೀಲರಿದ್ದಾರೆ

“ಅವರಿಗೆ ವಕೀಲರಿದ್ದಾರೆ, ನಮಗೆ ಯಾರು?” ಎಂಬ ಅಳಲಿಗೆ ಉತ್ತರ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ಅದರ 12ನೇ ಸೆಕ್ಷನ್ನಿನಂತೆ ಮಹಿಳೆಯರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು ಸಿಗಬೇಕು; ಅವರಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಅಂಗವಿಕಲರು, ಬರದಂಥ ವಿಪತ್ತಿಗೆ ಸಿಕ್ಕವರು ಕೂಡ ಆ ಪಟ್ಟಿಯಲ್ಲಿದ್ದಾರೆ. ಭಾಷಾ ಅಲ್ಪಸಂಖ್ಯಾತರು ಎಂಬ ಹೆಸರು ಅಲ್ಲಿಲ್ಲ. ಆದರೆ ನಮ್ಮ ಶಾಲೆಯ ಪ್ರತಿಯೊಂದು ಮಗುವೂ, ಪ್ರತಿಯೊಬ್ಬ ತಾಯಿಯೂ ಆ ಪಟ್ಟಿಯೊಳಗೇ ಬರುತ್ತಾರೆ. ಆದ್ದರಿಂದ ಅರ್ಜಿಗೆ ತಂದೆಯ ಬದಲು ತಾಯಿ ಸಹಿ ಹಾಕುವುದು ಮೇಲು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ ಅದರಡಿಯಲ್ಲಿ ನ್ಯಾಯಾಲಯಗಳಿರುವ ಊರುಗಳಲ್ಲಿ ಮಂಡಲ ಕಾನೂನು ಸೇವಾ ಸಮಿತಿಗಳೂ ಕೆಲಸ ಮಾಡುತ್ತವೆ. ಹಿಂದೂಪುರ, ಕಲ್ಯಾ­ಣದುರ್ಗಗಳ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. 15100 ಎಂಬ ರಾಷ್ಟ್ರೀಯ ಸಹಾಯವಾಣಿಗೂ ಕರೆ ಮಾಡಬಹುದು. ಒಂದು ಹಾಳೆಯಲ್ಲಿ ವಿಷಯ ಬರೆದುಕೊಟ್ಟರೆ ಸಾಕು. ವಕೀಲರ ಶುಲ್ಕ ನಾವು ಕೊಡಬೇಕಾಗಿಲ್ಲ.

ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ನಿನಂತೆ ಎರಡು ತಿಂಗಳ ನೋಟಿಸು ಕೊಡಬೇಕೆಂಬುದನ್ನೂ ನೆನಪಿಡಿರಿ. ಸ್ಥಳೀಯ ಸಂಸ್ಥೆಯ ಮೇಲಿನ ದಾವೆಗೆ ಆಯಾ ಕಾಯ್ದೆಯ ನಿಯಮ ನೋಡಬೇಕು. ಇದನ್ನು ನಮ್ಮ ವಕೀಲರನ್ನೇ ಕೇಳಿರಿ. ಈ ನೋಟಿಸನ್ನು ಬೆದರಿಕೆಯೆಂದು ಭಾವಿಸಬಾರದು. ದಾವೆಯಿಲ್ಲದೆಯೇ ವಿಷಯವನ್ನು ಬಗೆಹರಿಸಿಕೊಳ್ಳಲು ಸಂಸ್ಥೆಗೂ ಅದರ ವಕೀಲರಿಗೂ ಕಾನೂನು ಕೊಟ್ಟ ಅವಕಾಶವದು.

ಇವೆಲ್ಲದರ ಜೊತೆಗೆ 350ಬಿ ವಿಧಿಯಂತೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಕಮಿಷನರ್ ಇದ್ದಾರೆ. ಅವರು ಆದೇಶ ಹೊರಡಿಸಲಾರರು. ರಾಷ್ಟ್ರಪತಿಗಳಿಗೆ ವರದಿ ಸಲ್ಲಿಸುತ್ತಾರೆ, ರಾಜ್ಯದಿಂದ ವಿವರಣೆ ಕೇಳುತ್ತಾರೆ. ನಮ್ಮ ಅರ್ಜಿಯ ಒಂದು ಪ್ರತಿ ಅವರಿಗೂ ಹೋಗಲಿ.

2020ರ ತೀರ್ಪಿನ ಎರಡು ಪಾಠಗಳು

2019ರ ನವೆಂಬರಿನಲ್ಲಿ ಆಂಧ್ರಪ್ರದೇಶ ಸರ್ಕಾರ 81 ಮತ್ತು 85ನೇ ಸಂಖ್ಯೆಯ ಆದೇಶಗಳ ಮೂಲಕ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಂದಲೇ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯ ಮಾಡಹೊರಟಿತು. 2020ರ ಏಪ್ರಿಲ್ 15ರಂದು ಹೈಕೋರ್ಟು ಆ ಆದೇಶಗಳನ್ನು ರದ್ದುಪಡಿಸಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋದಾಗ ಅಲ್ಲಿ ತಡೆಯಾಜ್ಞೆ ಸಿಗಲಿಲ್ಲ. ರಾಜ್ಯದ ಅತ್ಯುನ್ನತ ಸರ್ಕಾರಿ ವಕೀಲರು ಸಮರ್ಥಿಸಿದ ಆದೇಶವೂ ಕಾನೂನಿನ ಮುಂದೆ ಬೀಳಬಹುದು ಎಂಬುದು ಇದರಿಂದ ದೊರೆಯುವ ಮೊದಲ ಪಾಠ.

ಎರಡನೆಯ ಪಾಠ ಕಹಿಯಾದುದು. ತೀರ್ಪಿನ ಬಳಿಕ ಸರ್ಕಾರ ಪೋಷಕರಿಂದಲೇ ಲಿಖಿತ ಅಭಿಪ್ರಾಯ ಸಂಗ್ರಹಿಸಿ, ಬಹುಪಾಲು ಮಂದಿ ಇಂಗ್ಲಿಷನ್ನೇ ಬಯಸಿದ್ದಾರೆಂದು ಹೇಳಿತು. ಅಂಥ ನಮೂನೆಗಳಿಗೆ ಸಹಿ ಹಾಕುವಾಗ ನಮ್ಮಲ್ಲಿ ಎಷ್ಟು ಮಂದಿ ಪೂರ್ತಿ ಓದುತ್ತೇವೆ? ಇಂಗ್ಲಿಷ್ ಬೇಕೆನ್ನುವ ಪೋಷಕರನ್ನು ನಾವು ದೂಷಿಸುವುದಿಲ್ಲ. ಮಗುವಿನ ನಾಳೆಯ ಅನ್ನದ ಚಿಂತೆ ಎಲ್ಲರಿಗೂ ಉಂಟು. ಆದರೆ ಇಂಗ್ಲಿಷನ್ನು ಚೆನ್ನಾಗಿ ಕಲಿಸಿರೆಂದು ಕೇಳುವುದು ಬೇರೆ, ಕನ್ನಡ ಮಾಧ್ಯಮ ಬೇಡವೆಂದು ಬರೆದುಕೊಡುವುದು ಬೇರೆ. ನಾವು ಸಹಿ ಮಾಡಿದ ಒಂದು ಹಾಳೆ ನಾಳೆ ಎದುರು ವಕೀಲರ ಕೈಯಲ್ಲಿ ಅತ್ಯಂತ ಬಲವಾದ ಆಧಾರವಾಗುತ್ತದೆ. ಓದದೆ ಸಹಿ ಹಾಕಬೇಡಿರಿ. ತೆಲುಗಿನಲ್ಲಿದ್ದರೆ ಓದಿಸಿ ಕೇಳಿರಿ. ಬೇಕಾದರೆ ಸಹಿಯ ಕೆಳಗೆ “ಕನ್ನಡ ಮಾಧ್ಯಮ ಮುಂದುವರಿಯಲಿ” ಎಂದು ನಿಮ್ಮ ಕೈಯಾರೆ ಬರೆಯಿರಿ.

ಬರುವ ಜೂನಿನಲ್ಲಿ ಶಾಲೆ ತೆರೆದಾಗ ಪ್ರತಿ ಊರಿನಲ್ಲಿಯೂ ಮೂರು ಕೆಲಸ ನಡೆಯಲಿ: ಮಾತೃಭಾಷೆಯ ಕಾಲಮನ್ನು ನೋಡುವುದು, ತರಗತಿವಾರು ಪಟ್ಟಿ ಸಿದ್ಧಪಡಿಸುವುದು, ಸಮಿತಿಯಲ್ಲಿ ತೀರ್ಮಾನ ಬರೆಸುವುದು. ಈ ಮೂರನ್ನು ಒಂದು ಫೈಲಿನಲ್ಲಿಟ್ಟು ಶಾಲೆಯಲ್ಲಿ ಒಂದು ಪ್ರತಿ, ಊರಿನಲ್ಲಿ ಒಂದು ಪ್ರತಿ ಕಾಪಾಡಿರಿ. ಅರ್ಜಿ ಬರೆಯಲು, ತೆಲುಗಿಗೆ ಅನುವಾದಿಸಲು ನೆರವು ಬೇಕಾದವರು ಹತ್ತಿರದ ಕನ್ನಡ ಶಿಕ್ಷಕರನ್ನು ಕೇಳಲು ಸಂಕೋಚಪಡಬೇಡಿರಿ. ಅದಕ್ಕಾಗಿ ನಾವಿದ್ದೇವೆ.